ಋಷಿಕೇಶನ ಮೀಸೆ ಮತ್ತು ಕಡಲಾಮೆ

ಎಲ್ಲಕ್ಕೂ ಮೂಲ ಋಷಿಕೇಶನ ಮೀಸೆ. ಅದು ಅಷ್ಟು ದಪ್ಪವಿರದಿದ್ದರೆ ಬಾಯಿಗೆ ಕೊಳವೆ ಕಚ್ಚಿ ನೀರೊಳಗೆ ಇಣುಕುವಾಗ ಹಾಕುವ, ಮೂಗನ್ನೂ ಮುಚ್ಚುವ ಸ್ನಾರ್ಕೆಲ್ ಕನ್ನಡಕದೊಳಗೆ ಅರಬ್ಬೀ ಸಮುದ್ರ ನುಗ್ಗುತ್ತಿರಲಿಲ್ಲ.

ಮುರ್ಡೇಶ್ವರದಾಚೆಯ ನಡುಗಡ್ಡೆಯ ಪಕ್ಕ, ಕಡಲಾಮೆ ನೋಡಲು ಬಂದವರ ದೋಣಿ ನಿಂತಿತ್ತು. ಮೇಲೆ ಬಿಳಿಹೊಟ್ಟೆಯ ಕಡಲಹದ್ದು ಸುತ್ತುತ್ತಿತ್ತು. ಮತ್ತೊಮ್ಮೆ ಕೆಮ್ಮುತ್ತ ಮೇಲೆದ್ದ ಋಷಿಕೇಶನಿಗೆ ದೋಣಿಯವನು, "ಮೀಸೆ ತೆಗೀರಿ, ನೀರು ನಿಲ್ತದೆ" ಎಂದ.

"ನಮ್ಮಪ್ಪ ಇನ್ನೂ ಗಟ್ಟಿ ಇದ್ದಾರಪಾ," ಎಂದ ಋಷಿಕೇಶ. ತಂದೆ ಬದುಕಿರುವಾಗ ಮೀಸೆ ಬೋಳಿಸುವ ಪದ್ಧತಿ ಅವರಲ್ಲಿಲ್ಲ.

"ಅಪ್ಪಾರು ಹಾವೇರ್‍ಯಾಗ ಅದಾರ, ಆಮಿ ಇಲ್ಲೈತಿ," ಎಂದ ನೆರೆಮನೆಯ ವೀರೇಂದ್ರ. ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರಿ. ಜೀಪು ಅವನದು, ಹಟವೂ ಅವನದು. ಚೀಲದಿಂದ ರೇಜರ್ ತೆಗೆದವನೂ ಅವನೇ.

ಮೀಸೆ ಹೋಯಿತು, ಆಮೆ ಬಂತು. ರಜೆ ಅರ್ಜಿ ನೋಡುವ ಸಾಹೇಬರಂತೆ ಋಷಿಕೇಶನನ್ನು ಒಮ್ಮೆ ನೋಡಿ, ಏನೂ ಹೇಳದೆ ಹೊರಟುಹೋಯಿತು.

ಆಗ ಅವನಿಗೆ ರಜೆಯ ನೆನಪಾಯಿತು. ಬ್ಯಾಂಕಿನಲ್ಲಿ ಆಡಿಟ್ ನಡೆದಿತ್ತು. "ಮನ್ಯಾಗ ಯಾರರೆ ಸೀರಿಯಸ್ ಇದ್ರಷ್ಟ ರಜಾ. ಸುಳ್ಳು ಹೇಳಿದ್ರ ನೌಕರಿ ಹೋತಂತ ತಿಳಕೋರಿ," ಎಂದಿದ್ದರು ಹೊಸ ಸಾಹೇಬರು. ಋಷಿಕೇಶ ಅಪ್ಪನನ್ನು ಸೀರಿಯಸ್ ಮಾಡಿ ಬಂದಿದ್ದ.

ಸಂಜೆ ಹಾವೇರಿಯಲ್ಲಿ ಜೀಪಿನಿಂದಿಳಿದರೆ ಎದುರಿಗೇ ಬ್ಯಾಂಕಿನ ಜವಾನ ನಾಗಪ್ಪ. ಬೋಳು ತುಟಿ ನೋಡಿದ, ಉಪ್ಪುನೀರಿಗೆ ಕೆಂಪಾದ ಕಣ್ಣು ನೋಡಿದ. "ಅಯ್ಯೋ, ಅಪ್ಪಾರು ಹೋಗೇಬಿಟ್ರೇನ್ರಿ?" ಎಂದು ಕೈ ಹಿಡಿದುಕೊಂಡ.

ಇಲ್ಲವೆಂದರೆ ಮೀಸೆ ಎಲ್ಲಿ ಹೋಯಿತೆಂದು ಹೇಳಬೇಕು. ಋಷಿಕೇಶ ತಲೆ ತಗ್ಗಿಸಿದ.

ಅವನು ಮನೆ ಸೇರಿ ಕೂರುವಷ್ಟರಲ್ಲಿ ಸಾಹೇಬರು ಹಾರ ಹಿಡಿದು ಬಂದರು, ಹಿಂದೆ ನಾಗಪ್ಪ. ಇಬ್ಬರೂ ಅಪ್ಪನ ಮುಖ ಕಂಡವರಲ್ಲ. ಪುಣ್ಯಕ್ಕೆ ಅಪ್ಪ ಅಣ್ಣಾಜಿ ಸಂತೆಗೆ ಹೋಗಿದ್ದರು.

"ಎಲ್ಲಾ ಮುಗೀತೇನ್ರಿ?"

"ಹೂಂನ್ರಿ."

"ಹದಿಮೂರು ದಿವಸ ರಜಾ ತಗೋರಿ. ಆಡಿಟ್ ನಾವು ನೋಡ್ಕೋತೀವಿ."

ಋಷಿಕೇಶನ ಎದೆ ಹಗುರಾಗುತ್ತಿರುವಾಗಲೇ ಬದನೆಕಾಯಿ ಚೀಲ ಹಿಡಿದು ಅಣ್ಣಾಜಿ ಒಳಬಂದರು. ಹಾರ ನೋಡಿದರು. ಮಗನ ತುಟಿ ನೋಡಿದರು.

"ಯಾರು ಹೋದರ್ರಿ?"

"ಇವರ ತಂದಿ ಅಣ್ಣಾಜಿಯವರು," ಎಂದರು ಸಾಹೇಬರು. "ತಾವು ಯಾರು?"

ಋಷಿಕೇಶ ಉಸಿರು ಬಿಗಿಹಿಡಿದ. ಮುಂಜಾನೆ ನೀರಿನೊಳಗಾದರೂ ಬಾಯಿಗೊಂದು ಕೊಳವೆ ಇತ್ತು.

ಅಣ್ಣಾಜಿ ಚೀಲ ಕೆಳಗಿಟ್ಟರು. "ಆ ಹೋದಾಂವನ ಅಣ್ಣ. ಹುಬ್ಬಳ್ಳಿಯಿಂದ ಈಗಷ್ಟ ಬಂದೆ. ನಮ್ಮ ತಮ್ಮ ಭಾಳ ಶಾಸ್ತ್ರದ ಮನುಷ್ಯಾರಿ. ಎಲ್ಲಾ ಪದ್ಧತಿ ಪ್ರಕಾರನ ಆಗಬೇಕು. ಹದಿಮೂರು ದಿವಸ ಇವಗ ಒಂದ ಹೊತ್ತು ಊಟ, ಚಾಪಿ ಮ್ಯಾಲೆ ನಿದ್ದಿ. ಹೊಸ್ತಿಲಾ ದಾಟಂಗಿಲ್ಲ."

"ಖರೇ ಅದ," ಎಂದರು ಸಾಹೇಬರು. "ದಿನಾ ಬಂದು ಮಾತಾಡ್ಸಿ ಹೋಗ್ತೀವಿ."

ಅಣ್ಣಾಜಿ ನಾಗಪ್ಪನ ಕಡೆ ತಿರುಗಿದರು. "ಕ್ಷೌರದಾಂವನ್ನ ಲಗೂ ಕರ್ಕೊಂಡು ಬಾರಪಾ. ನಮ್ಮ ಹುಡುಗ ದುಃಖದಾಗ ಬರೇ ಮೀಸಿ ತಗದಾನ. ತಲಿ ಹಂಗ ಉಳದದ."

"ಅಪ್ಪಾ..." ಎಂದ ಋಷಿಕೇಶ ಸಣ್ಣಗೆ.

"ದೊಡ್ಡಪ್ಪ," ಎಂದು ತಿದ್ದಿದರು ಅಣ್ಣಾಜಿ.