ನಮ್ಮ ಮನೆಯ ವೈಫೈನಿಂದ ಹೊರಟ ಬೆದರಿಕೆ

ನನ್ನದು ಉದಾರ ಸ್ವಭಾವವೆಂದು ನಾನೇ ಹೇಳಿಕೊಳ್ಳಬೇಕಾಗಿದೆ. ಈ ಐವತ್ನಾಲ್ಕು ವರ್ಷಗಳಲ್ಲಿ ಬೇರೆ ಯಾರೂ ಹೇಳಿಲ್ಲ. ಆದರೆ ನನ್ನ ಔದಾರ್ಯಕ್ಕೆ ಒಂದು ಷರತ್ತಿದೆ. ಕೊಟ್ಟ ಮೇಲೂ ವಸ್ತು ನನ್ನ ಬಳಿಯೇ ಉಳಿದಿರಬೇಕು. ಹಾಗಾಗಿ ನಾನು ಧಾರಾಳವಾಗಿ ಉಪದೇಶ ಕೊಡುತ್ತೇನೆ, ದಾರಿ ಕೇಳಿದವರಿಗೆ ನನಗೆ ಗೊತ್ತಿಲ್ಲದಿದ್ದರೂ ದಾರಿ ಹೇಳುತ್ತೇನೆ, ಓದಿ ಮುಗಿಸಿದ ಪತ್ರಿಕೆಯನ್ನು ಪಕ್ಕದ ಮನೆಗೆ ಕೊಟ್ಟು ಸಂಜೆ ವಾಪಸು ತರುತ್ತೇನೆ. ಲೋಕಲ್ ಟ್ರೇನಿನಲ್ಲಿ ಮೂರು ಜನರ ಬೆಂಚಿನ ತುದಿಗೆ ನಾಲ್ಕನೆಯವನು ಬಂದು ‘ಜರಾ ಸರಕೋ’ ಎಂದಾಗ ಮಾತ್ರ ನನಗೆ ಗಾಢ ನಿದ್ದೆ ಬಂದುಬಿಡುತ್ತದೆ. ಜಾಗ ಕೊಟ್ಟರೆ ಕಡಿಮೆಯಾಗುತ್ತದಲ್ಲ! ಈ ದೃಷ್ಟಿಯಿಂದ ನೋಡಿದರೆ ವೈಫೈ ಎಂಬುದನ್ನು ನನ್ನಂಥ ಉದಾರಿಗಳಿಗಾಗಿಯೇ ಕಂಡುಹಿಡಿದಿರಬೇಕು. ಹತ್ತು ಜನ ಬಳಸಿದರೂ ಡಬ್ಬಿ ನಮ್ಮ ಗೋಡೆಯ ಮೇಲೆಯೇ ಇರುತ್ತದೆ.

ಅದಕ್ಕೆ ಮೊದಲು ಪಾಸ್‌ವರ್ಡ್ ಇತ್ತು. ಪುಣೆಯ ಹಾಸ್ಟೆಲಿಗೆ ಹೋಗುವ ಮುನ್ನ ಮಗಳು ಹಾಕಿಟ್ಟದ್ದು. ಇಪ್ಪತ್ತು ಅಕ್ಷರಗಳ ಆ ಮಂತ್ರವನ್ನು ಮನೆಗೆ ಬಂದ ನೆಂಟರಿಗೆ ಹೇಳುವುದು ನನ್ನ ಕೆಲಸ. ಸ್ಟೂಲಿನ ಮೇಲೆ ನಿಂತು, ಕನ್ನಡಕ ಹಣೆಗೇರಿಸಿ, “ದೊಡ್ಡ ಕ್ಯೂ... ಸಣ್ಣ ಜೆಡ್... ಆಮ್ಯಾಲೆ ಬಾಲ ಇದ್ದ ಎ...” ಎಂದು ಓದುತ್ತಿದ್ದೆ. ಅಷ್ಟರಲ್ಲಿ ಅವರ ಚಹಾ ಆರಿ ಹೋಗುತ್ತಿತ್ತು. ಒಂದು ದಿನ ಬೇಸತ್ತು ವೈಫೈ ಹುಡುಗನನ್ನು ಕರೆಸಿ ಪಾಸ್‌ವರ್ಡನ್ನೇ ತೆಗೆಸಿಬಿಟ್ಟೆ. ಅವನು “ಅಂಕಲ್, ಖುಲ್ಲಾ ಮತ್ ರಖೋ, ರಿಸ್ಕ್ ಹೈ” ಎಂದು ಎಚ್ಚರಿಸಿದ. ನಾನು ಎದೆಯುಬ್ಬಿಸಿ, ನಮ್ಮ ಧಾರವಾಡದಲ್ಲಿ ಕುಡಿಯುವ ನೀರಿಗೆ ಯಾರೂ ಬೀಗ ಹಾಕುವುದಿಲ್ಲವೆಂದು ಹಿಂದಿಯಲ್ಲಿ ಸಣ್ಣ ಭಾಷಣ ಮಾಡಿದೆ. ಒಳಗಿನಿಂದ ನನ್ನ ಹೆಂಡತಿ ಶೋಭಾಳ ದನಿ ಕೇಳಿಸಿತು. “ಹೌದಾ? ನಿಮ್ಮ ಅಮ್ಮ ನಲ್ಲಿಗೇ ಬೀಗ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಮಾರಾಯ್ರೆ.” ಶೋಭಾಳ ಊರು ಉಡುಪಿಯ ಕಡೆ. ಆದರೆ ಅವಳು ಹುಟ್ಟಿ ಬೆಳೆದದ್ದು, ಮರಾಠಿ ಶಾಲೆಯಲ್ಲಿ ಓದಿದ್ದು ಎಲ್ಲ ಇದೇ ಮಲಾಡಿನಲ್ಲಿ. ಧಾರವಾಡದ ಬಗ್ಗೆ ಅವಳಿಗೆ ಗೊತ್ತಿರುವುದೆಲ್ಲ ನನಗೆ ಅನಾನುಕೂಲವಾದ ಸಂಗತಿಗಳೇ.

ನಮ್ಮ ಬಿಲ್ಡಿಂಗ್ ಹಳೆಯದು, ನಾಲ್ಕು ಮಹಡಿ, ಲಿಫ್ಟಿಲ್ಲ. ಗೋಡೆಗಳು ಎಷ್ಟು ದಪ್ಪವೆಂದರೆ ಒಳಗೆ ಮೊಬೈಲ್ ಸಿಗ್ನಲ್ ಬರುವುದೇ ಇಲ್ಲ. ಆದ್ದರಿಂದ ಎರಡನೆಯ ಮಹಡಿಯಲ್ಲಿ ನಮ್ಮ ಬಾಗಿಲ ಮುಂದಿನ ಮೆಟ್ಟಿಲುಗಳು ಕೆಲವೇ ದಿನಗಳಲ್ಲಿ ಪುಣ್ಯಕ್ಷೇತ್ರವಾದವು. ಯಾವಾಗ ನೋಡಿದರೂ ನಾಲ್ಕೈದು ಜನ ತಲೆ ಬಗ್ಗಿಸಿ ಕುಳಿತಿರುತ್ತಿದ್ದರು. ನಾನು ಹೊರಬಂದರೆ ಕಾಲು ಸರಿಸಿ “ನಮಸ್ಕಾರ್ ಸಾಬ್” ಎನ್ನುತ್ತಿದ್ದರು. ವಿಕ್ರೋಳಿಯ ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟುಗಳ ಮೇಲ್ವಿಚಾರಣೆ ಮಾಡುವ ನನಗೆ ನಮಸ್ಕಾರ ಸಿಗುವುದು ಅಪರೂಪ. ಬೇಕೆಂದೇ ನಾಲ್ಕು ಸಲ ಹೊರಗೆ ಬಂದು ಹೋಗುತ್ತಿದ್ದೆ.

ಈ ಭಕ್ತರಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದವರು ಒಬ್ಬರೇ, ಎದುರು ಮನೆಯ ಕಾಕು, ಇಡೀ ಬಿಲ್ಡಿಂಗಿಗೆ ಚಿಕ್ಕಮ್ಮ. ಎಪ್ಪತ್ತೆಂಟರ ಈ ಮರಾಠಿ ಹೆಂಗಸು ಮುನಿಸಿಪಾಲಿಟಿ ಶಾಲೆಯಲ್ಲಿ ಟೀಚರಾಗಿದ್ದವರು. ನನ್ನನ್ನು ಕಂಡರೆ ಅವರಿಗೆ ಇವತ್ತಿಗೂ ಪಾಠ ಮಾಡುವ ಹುಮ್ಮಸ್ಸು. ಏಕೆಂದರೆ ನನ್ನ ಮರಾಠಿ. ಆ ಭಾಷೆಯಲ್ಲಿ ಖುರ್ಚಿ ಹೆಣ್ಣು, ಪಂಖಾ ಗಂಡು, ಟೇಬಲ್ ಎರಡೂ ಅಲ್ಲ. ಇಪ್ಪತ್ತೆಂಟು ವರ್ಷಗಳಿಂದ ನಾನು ಈ ಮೂರು ಲಿಂಗಗಳನ್ನು ಕೈಗೆ ಬಂದಂತೆ ಹಂಚುತ್ತಿದ್ದೇನೆ. ಕಾಕು ಪ್ರತಿಸಲ ತಿದ್ದುತ್ತಾರೆ. ಅವರು ಮಧ್ಯಾಹ್ನವೆಲ್ಲ ಟ್ಯಾಬ್ ಹಿಡಿದು ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದರು. ಏನು ಬರೆಯುತ್ತೀರಿ ಎಂದರೆ “ಪತ್ರವ್ಯವಹಾರ” ಎಂದಷ್ಟೇ ಹೇಳಿ ಬಾಯಿ ಮುಚ್ಚುತ್ತಿದ್ದರು.

ಒಂದು ಶುಕ್ರವಾರ ಕಾರ್ಖಾನೆಯಲ್ಲಿದ್ದಾಗ ಫೋನು ಬಂತು. ಮಲಾಡಿನ ಪೊಲೀಸ್ ಠಾಣೆಯಿಂದ ಸಬ್ ಇನ್‌ಸ್ಪೆಕ್ಟರ್ ಮೇಡಂ. “ಆಪ್ ಕೇ ಇಂಟರ್ನೆಟ್ ಸೇ ಕಿಸೀ ಕೋ ಧಮ್ಕಿ ಗಯೀ ಹೈ. ನಾಳೆ ನಾಲ್ಕು ಗಂಟೆಗೆ ಠಾಣೆಗೆ ಬನ್ನಿ” ಎಂದರು. ನನ್ನಿಂದ ಬೆದರಿಕೆ! ಮನೆಯ ಜಿರಲೆಗಳೂ ನನಗೆ ಹೆದರುವುದಿಲ್ಲ. ಆದರೂ ಪೊಲೀಸರ ದನಿ ಕೇಳಿದ ಕೂಡಲೇ ಮನುಷ್ಯನಿಗೆ ತಾನು ಅಪರಾಧಿ ಎಂಬುದು ಖಾತ್ರಿಯಾಗಿಬಿಡುತ್ತದೆ; ಯಾವ ಅಪರಾಧ ಎಂಬುದನ್ನು ಮಾತ್ರ ನೆನಪಿಸಿಕೊಳ್ಳಬೇಕು. ರೈಲ್ವೆ ಸ್ಟೇಷನ್ ಬಳಿಯ ಮಿಠಾಯಿ ಅಂಗಡಿಗೆ ಇಂಟರ್ನೆಟ್ಟಿನಲ್ಲಿ ಸಿಟ್ಟಿನಿಂದ ಒಂದೇ ನಕ್ಷತ್ರ ಕೊಟ್ಟದ್ದು ನೆನಪಾಯಿತು. ಯಾವುದೋ ಯೋಗಾಸನದ ಆ್ಯಪಿನಲ್ಲಿ ವಯಸ್ಸು ನಲವತ್ತೊಂದು ಎಂದು ತುಂಬಿದ್ದೂ ನೆನಪಾಯಿತು.

ಸಂಜೆ ಟ್ರೇನಿನಲ್ಲಿ ದಿನಾ ಸಿಗುವ ವಿಜಯಪುರದ ವಕೀಲರೊಬ್ಬರಿದ್ದಾರೆ. ಅವರ ಮುಂದೆ ಸಂಕಟ ತೋಡಿಕೊಂಡೆ. ಅವರು ಕಡಲೆ ಬಾಯಿಗೆಸೆದುಕೊಳ್ಳುತ್ತ, “ಚಾವಿ ಸ್ಕೂಟರಿನ್ಯಾಗ ಬಿಟ್ಟು ಓಣ್ಯಾಗ ನಿಲ್ಲಿಸಿದಂಗ ಆತಲ್ರೀ ಇದು. ಯಾವನೋ ಹತ್ತಿಕೊಂಡು ಹೋಗಿ ಯಾರಿಗೋ ಡಿಕ್ಕಿ ಹೊಡದ್ರ ಪೊಲೀಸರು ಮೊದಲ ಬರೋದು ಯಾರ ಮನೀಗೆ? ನಂಬರ್ ಪ್ಲೇಟ್ ಯಾರ ಹೆಸರಿಗೈತಿ ಅವರ ಮನೀಗೆ” ಎಂದರು.

“ಆದ್ರ ನಾ ಏನೂ ಮಾಡಿಲ್ಲಲ್ರೀ!”

“ಖರೆ. ತಪ್ಪು ಮಾಡಿದಾಂವ ಬ್ಯಾರೇನ ಇರ್ತಾನ, ಶಿಕ್ಷಾನೂ ಅವಂಗ. ಆದ್ರ ಅಂವ ಯಾರಂತ ಗೊತ್ತಾಗೋ ತನಕಾ ಪೊಲೀಸರ ಕೈಗೆ ನೀವ ಸಿಗ್ತೀರಿ.” ಇಷ್ಟು ಹೇಳಿ, ಸಮಾಧಾನಕ್ಕೆಂದು ನನಗೂ ನಾಲ್ಕು ಕಡಲೆ ಕೊಟ್ಟರು.

ಮರುದಿನ ಶೋಭಾ ನನ್ನ ಜೊತೆ ಹೊರಟಳು. ಅವಳ ಕೈಯಲ್ಲಿ ದೊಡ್ಡ ಚೀಲ. ಇಣುಕಿ ನೋಡಿದರೆ ಟವೆಲ್, ಒಂದು ಜೊತೆ ಬಟ್ಟೆ, ಬಿ.ಪಿ. ಮಾತ್ರೆ, ಡಬ್ಬಿಯಲ್ಲಿ ಉಪ್ಪಿನಕಾಯಿ. “ಇದೆಲ್ಲಾ ಎದಕ್ಕ?” ಎಂದು ಕೇಳಿದೆ. “ಎಂತಕ್ಕೂ ಇರಲಿ. ಅಲ್ಲಿ ಊಟ ಸಪ್ಪೆ ಇದ್ದರೆ ನಿಮಗೆ ಸೇರುವುದಿಲ್ಲ” ಎಂದಳು.

ಠಾಣೆಯಲ್ಲಿ ನಮ್ಮ ಸೊಸೈಟಿಯ ಸೆಕ್ರೆಟರಿ ಪರುಳೇಕರ್ ಮೊದಲೇ ಬಂದು ಕುಳಿತಿದ್ದ. ನಾಲ್ಕನೆಯ ಮಹಡಿಯವನು, ಐವತ್ತರ ಆಸುಪಾಸು, ಬಿಲ್ಡಿಂಗಿನಲ್ಲಿ ನೋಟಿಸು ಅಂಟಿಸುವುದನ್ನು ಬಿಟ್ಟು ಬೇರೇನೂ ಮಾಡದವನು. ದೂರು ಕೊಟ್ಟವನು ಅವನೇ. ಮೇಡಂ ಒಂದು ಹಾಳೆಯನ್ನು ನನ್ನತ್ತ ತಳ್ಳಿದರು. ಪರುಳೇಕರನಿಗೆ ಬಂದ ಇಮೇಲು, ಮರಾಠಿಯಲ್ಲಿತ್ತು. ನೀರಿನ ಟಾಕಿಯಲ್ಲಿ ಸತ್ತ ಪಾರಿವಾಳ ತೇಲುತ್ತಿದೆ. ಟಾಕಿ ತೊಳೆಸಿ ಎಂದು ಎರಡು ಸಲ ಬರೆದರೂ ತಾವು ಕಿವಿಗೆ ಹಾಕಿಕೊಂಡಿಲ್ಲ. ಮಕ್ಕಳು ವಾಂತಿ ಮಾಡಿಕೊಂಡು ಶಾಲೆ ತಪ್ಪಿಸುತ್ತಿದ್ದಾರೆ ಎಂದು ಸುಂದರವಾಗಿ ಸಾಗಿದ ಆ ಪತ್ರದ ಕೊನೆಯಲ್ಲಿ, ‘ನಾಲ್ಕನೆಯ ಸಲ ಬರೆಯಬೇಕಾಗಿ ಬಂದರೆ ತಂಗಡ್ಯಾ ತೋಡೀನ್’ ಎಂದಿತ್ತು. ಎಂದರೆ, ಕಾಲು ಮುರಿಯುತ್ತೇನೆ. ಕೆಳಗೆ ‘ನಿಮ್ಮ ಹಿತಚಿಂತಕ’.

“ನಾನು ಬರೆದಿಲ್ಲ” ಎಂದೆ.

“ಹೇಳಿದರೆ ಸಾಲದು. ನಿಮ್ಮ ಹೇಳಿಕೆಯನ್ನು ಬರೆದುಕೊಡಿ, ಮರಾಠಿಯಲ್ಲಿ” ಎಂದು ಮೇಡಂ ಪೆನ್ನು ಕೊಟ್ಟರು. ಹಿಂದಿ ನಡೆಯುತ್ತದೆಯೇ ಎಂದು ಕೇಳಿದೆ. ಪರುಳೇಕರ್, “ಇಪ್ಪತ್ತೆಂಟು ವರ್ಷ ಮುಂಬೈ ನೀರು ಕುಡಿದಿದ್ದಾರೆ!” ಎಂದು ಗೊಣಗಿದ. ಆ ನೀರಿನಲ್ಲಿ ಪಾರಿವಾಳವಿತ್ತು ಎನ್ನಬೇಕೆನಿಸಿತು, ಸಂದರ್ಭ ಸರಿಯಿರಲಿಲ್ಲ. ಬೆವರುತ್ತ ಐದು ಸಾಲು ಗೀಚಿದೆ. ಮೇಡಂ ಓದುತ್ತ ಹೋದಂತೆ ಅವರ ಮುಖದಲ್ಲಿ ಮೊದಲು ಅನುಮಾನ, ಆಮೇಲೆ ನೋವು, ಕೊನೆಗೆ ಕರುಣೆ ಕಾಣಿಸಿಕೊಂಡಿತು. ಹಾಳೆಯನ್ನು ಪರುಳೇಕರನಿಗೆ ತೋರಿಸಿ ಹೇಳಿದರು: “ಐದು ಸಾಲಿನಲ್ಲಿ ಹನ್ನೊಂದು ತಪ್ಪು. ತಮ್ಮನ್ನೇ ಸ್ತ್ರೀಲಿಂಗದಲ್ಲಿ ಬರೆದುಕೊಂಡಿದ್ದಾರೆ. ಅಂಥಾ ಪತ್ರ ಬರೆಯುವ ತಾಕತ್ತು ಈ ಮನುಷ್ಯನಿಗಿಲ್ಲ.”

ನಾನು ನಿರಪರಾಧಿಯೆಂದು ಸಾಬೀತಾಯಿತು. ಸಂತೋಷಪಡಬೇಕಿತ್ತು. ಆದರೆ ತುಂಬಿದ ಠಾಣೆಯಲ್ಲಿ, ಹೆಂಡತಿಯ ಎದುರಿಗೆ, ಒಂದು ಬೆದರಿಕೆ ಪತ್ರ ಬರೆಯುವ ಯೋಗ್ಯತೆಯೂ ಇಲ್ಲದವನು ಎನಿಸಿಕೊಳ್ಳುವುದು ಯಾವ ಗಂಡಸಿಗೆ ಹಿತವಾದೀತು? ಪರುಳೇಕರನ ಕಣ್ಣು ನಿಧಾನವಾಗಿ ಮರಾಠಿ ಶಾಲೆಯ ಶೋಭಾಳತ್ತ ಹೊರಳಿತು. ಅವಳು ಅಚ್ಚ ಮರಾಠಿಯಲ್ಲಿ, “ನಾನಾಗಿದ್ದರೆ ಕೆಳಗೆ ಹೆಸರು ಹಾಕಿಯೇ ಕಳಿಸುತ್ತಿದ್ದೆ” ಎಂದಳು. ಎಲ್ಲರೂ ತಕ್ಷಣ ನಂಬಿದರು.

“ಹಾಗಾದರೆ ಯಾರು?” ಮೇಡಂ ನನ್ನನ್ನೇ ಕೇಳಿದರು. “ಕನೆಕ್ಷನ್ ನಿಮ್ಮದು. ಯಾರು ಯಾರು ಬಳಸುತ್ತಾರೆ, ಹೆಸರು ಹೇಳಿ.”

ಆಗ ನನಗೆ ಹೊಳೆಯಿತು. ಅಲ್ಪವಿರಾಮವೂ ತಪ್ಪದ ಆ ಮರಾಠಿ, ಆ ಶಿಸ್ತು, ಮಧ್ಯಾಹ್ನದ ‘ಪತ್ರವ್ಯವಹಾರ’. ಒಂದು ಹೆಸರು ಹೇಳಿದರೆ ನಾನು ಮನೆಗೆ ಹೋಗಿ ಚಹಾ ಕುಡಿಯಬಹುದು. ಸುಳ್ಳೇಕೆ ಹೇಳಲಿ, ಹೆಸರು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಅದೇ ಕ್ಷಣಕ್ಕೆ ಮೇಜಿನ ಕೆಳಗೆ ಶೋಭಾಳ ಚಪ್ಪಲಿ ನನ್ನ ಹೆಬ್ಬೆರಳ ಮೇಲೆ ಬಲವಾಗಿ ಬಂದು ಕೂತಿತು. “ಗೊತ್ತಿಲ್ಲ” ಎಂದೆ. ಕಣ್ಣಲ್ಲಿ ನೀರೂ ಬಂತು. ಮೇಡಂ ಅದನ್ನು ಪ್ರಾಮಾಣಿಕತೆ ಎಂದು ತಿಳಿದಿರಬೇಕು; ಸೋಮವಾರದವರೆಗೆ ಸಮಯ ಕೊಟ್ಟರು.

ಮನೆಗೆ ಬಂದಾಗ ಕಾಕು ಬಾಗಿಲ ಮುಂದೆಯೇ ಕುರ್ಚಿಯಲ್ಲಿದ್ದರು. ನಮ್ಮ ಮುಖ, ಚೀಲ ನೋಡಿ, ಯಾರನ್ನು ಆಸ್ಪತ್ರೆಗೆ ಸೇರಿಸಿದಿರಿ ಎಂದು ಕೇಳಿದರು. ಸುತ್ತಿಬಳಸಿ ಹೇಳಬೇಕೆಂದು ನಾನು ದಾರಿಯುದ್ದಕ್ಕೂ ಯೋಚಿಸಿಟ್ಟಿದ್ದೆ. ಶೋಭಾ ಎರಡೇ ವಾಕ್ಯಗಳಲ್ಲಿ ಎಲ್ಲ ಹೇಳಿಬಿಟ್ಟಳು. ಕಾಕು ಟ್ಯಾಬನ್ನು ಮಡಿಲಿಗಿಟ್ಟುಕೊಂಡು, “ಬರೆದವಳು ನಾನು, ಕರೆದದ್ದು ಇವನನ್ನೇ? ಇದೆಂಥ ಪೊಲೀಸು?” ಎಂದರು. ಒಳಗೆ ಹೋಗಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೊಡೆ ಹಿಡಿದು ಹೊರಬಂದು, “ಚಲಾ” ಎಂದರು. ನಾವು ಹಿಂದೆ ಹಿಂದೆ ನಡೆದೆವು.

ಪರುಳೇಕರ್ ಇನ್ನೂ ಅಲ್ಲೇ ಚಹಾ ಕುಡಿಯುತ್ತಿದ್ದ. ಕಾಕು ನೇರವಾಗಿ ಮೇಡಂ ಮುಂದೆ ನಿಂತು, ಪತ್ರ ತಮ್ಮದೆಂದರು. ಮೇಡಂ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಆಜಿ, ಇದು ಬೆದರಿಕೆಯಾಗುತ್ತದೆ. ಕಾಲು ಮುರಿಯುತ್ತೇನೆ ಎಂದು ಬರೆದಿದ್ದೀರಿ” ಎಂದರು.

“ಅದನ್ನು ಬರೆದದ್ದು ಇದೇ ಮೊದಲ ಸಲ. ಬಾಯಲ್ಲಿ ಇವನಿಗೆ ನಾಲ್ಕನೆಯ ಇಯತ್ತೆಯಲ್ಲಿ ದಿನಾ ಹೇಳುತ್ತಿದ್ದೆ” ಎನ್ನುತ್ತ ಕಾಕು ಪರುಳೇಕರನತ್ತ ತಿರುಗಿದರು. ಕೊಡೆ ನೆಲಕ್ಕೆ ಕುಟ್ಟಿ, ಇಡೀ ಠಾಣೆಗೆ ಕೇಳುವಂತೆ, “ಪರುಳೇಕರ್! ತಂಗಡ್ಯಾ ತೋಡೀನ್!” ಎಂದರು.

ಪರುಳೇಕರ್ ಚಹಾದ ಲೋಟ ಇಟ್ಟು, ಎದ್ದು ನಿಂತು, ಎರಡೂ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡ. ಅದು ಅವನು ಮಾಡಿದ್ದಲ್ಲ, ತಾನಾಗಿ ಆದದ್ದು. ಬಾಗಿಲಲ್ಲಿದ್ದ ಹವಾಲ್ದಾರನೂ ಒಮ್ಮೆ ನೆಟ್ಟಗಾದ. “ಟೀಚರ್, ಹೆಸರು ಹಾಕಿದ್ದರೆ ಟಾಕಿ ಆವತ್ತೇ ತೊಳೆಸುತ್ತಿದ್ದೆನಲ್ಲ” ಎಂದು ಪರುಳೇಕರ್ ಅಳುದನಿಯಲ್ಲಿ ಹೇಳಿದ. “ನನಗಾಗಿ ತೊಳೆಸುತ್ತಿದ್ದಿ, ಮಕ್ಕಳಿಗಾಗಿ ಅಲ್ಲ. ಅದಕ್ಕೇ ಹಾಕಲಿಲ್ಲ” ಎಂದರು ಕಾಕು. ಪರುಳೇಕರ್ ಹಾಳೆ ಕೇಳಿ ಪಡೆದು, ದೂರು ವಾಪಸು ಬರೆದುಕೊಟ್ಟ. ಎರಡು ದಿನದಲ್ಲಿ ಟಾಕಿಯನ್ನೂ ತೊಳೆಸಿದ.

ಹೀಗೆ ಬೆದರಿಸಿದವರು ಗೌರವದಿಂದ ಮನೆಗೆ ಹೋದರು, ಬೆದರಿದವನು ಆಶೀರ್ವಾದ ಪಡೆದು ಹೋದ. ಏನೂ ಮಾಡದ ನಾನೊಬ್ಬ ಮಾತ್ರ ಸಿಕ್ಕಿಬಿದ್ದೆ. ಮೇಡಂ ನನ್ನಿಂದ ಒಂದು ಬರಹ ತೆಗೆದುಕೊಂಡರು: ಇನ್ನು ಮುಂದೆ ಪಾಸ್‌ವರ್ಡ್ ಹಾಕುತ್ತೇನೆ, ಯಾರು ಬಳಸುತ್ತಾರೆಂಬುದನ್ನು ತಿಳಿದಿರುತ್ತೇನೆ ಎಂದು. ಕಾಕು ಹೊರಡುವ ಮುನ್ನ ಅದನ್ನು ತೆಗೆದುಕೊಂಡು ಏಳು ತಪ್ಪು ತಿದ್ದಿದರು.

ಆಮೇಲೆ ನಾನು ಕಾನೂನಿನ ಮನುಷ್ಯನಾದೆ. ಪಾಸ್‌ವರ್ಡ್ ಹಾಕಿಸಿದೆ. ಬೇಕಾದವರು ಹೆಸರು, ಫ್ಲ್ಯಾಟ್ ನಂಬರು, ಉದ್ದೇಶ ಬರೆದು ಸಹಿ ಮಾಡಬೇಕೆಂದು ಬಾಗಿಲಿಗೆ ಒಂದು ರಿಜಿಸ್ಟರ್ ತೂಗುಹಾಕಿದೆ. ಆಧಾರ್ ಕಾರ್ಡಿನ ಝೆರಾಕ್ಸನ್ನೂ ಕೇಳುವವನಿದ್ದೆ, ಶೋಭಾ “ನಾಚಿಕೆ ಆಗುವುದಿಲ್ವಾ ಮಾರಾಯ್ರೆ?” ಎಂದದ್ದಕ್ಕೆ ಬಿಟ್ಟೆ. ಒಬ್ಬರೂ ಸಹಿ ಮಾಡಲಿಲ್ಲ. ಮೆಟ್ಟಿಲು ಖಾಲಿಯಾಯಿತು. ಕಾಕುವಿನ ಕುರ್ಚಿಯೂ ಕಾಣಲಿಲ್ಲ. ನಾನು ನಾಲ್ಕು ಸಲ ಹೊರಗೆ ಬಂದು ಹೋದರೂ ನಮಸ್ಕಾರ ಹೇಳುವವರಿಲ್ಲ.

ಕಳೆದ ವಾರ ರಸ್ತೆ ಅಗೆಯುವವರು ನಮ್ಮ ಕೇಬಲ್ಲನ್ನೂ ಅಗೆದುಬಿಟ್ಟರು. ಇಂಟರ್ನೆಟ್ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಧಾರವಾಡಕ್ಕೆ ತತ್ಕಾಲ್ ಟಿಕೆಟ್ ಮಾಡಲೇಬೇಕು. ಸಿಗ್ನಲ್ ಹುಡುಕುತ್ತ ಫೋನು ಮೇಲೆತ್ತಿ ಹಿಡಿದು ಮೆಟ್ಟಿಲು ಹತ್ತುತ್ತ ಹೋದೆ. ನಾಲ್ಕನೆಯ ಮಹಡಿಯಲ್ಲಿ ನನ್ನ ಹಳೆಯ ಭಕ್ತರೆಲ್ಲ ಸಾಲಾಗಿ ತಲೆ ಬಗ್ಗಿಸಿ ಕುಳಿತಿದ್ದರು. ಪರುಳೇಕರನ ಬಾಗಿಲ ಮುಂದೆ ಕಾಕುವಿನ ಕುರ್ಚಿ. ಅವರು ತಲೆಯೆತ್ತದೆ ಕೊಡೆ ಸರಿಸಿ ನನಗೆ ಮೆಟ್ಟಿಲಲ್ಲಿ ಜಾಗ ಮಾಡಿಕೊಟ್ಟರು. ಪಾಸ್‌ವರ್ಡ್ ಏನೆಂದು ಪಿಸುಗುಟ್ಟಿದೆ. “ವಿದ್ಯಾರ್ಥಿಯ ಮನೆಗೆ ಎಂಥ ಪಾಸ್‌ವರ್ಡ್?” ಎಂದರು.

ಅನುಭವಸ್ಥನಾದ ನಾನು ಪರುಳೇಕರನನ್ನು ಎಚ್ಚರಿಸುವುದು ಧರ್ಮವಾಗಿತ್ತು. ಖುಲ್ಲಾ ಇಡಬೇಡಪ್ಪ, ಏನಾದರೂ ಆದರೆ ಮೊದಲು ನಿನ್ನನ್ನೇ ಕರೆಯುತ್ತಾರೆ ಎನ್ನಬೇಕಿತ್ತು. ಬೆಲ್ಲಿನತ್ತ ಕೈ ಚಾಚಿದ್ದೆ ಕೂಡ. ಆದರೆ ಹತ್ತು ಗಂಟೆಗೆ ಎರಡೇ ನಿಮಿಷವಿತ್ತು. ಟಿಕೆಟ್ ಆದ ಮೇಲೆ ಹೇಳೋಣವೆಂದು ಕುಳಿತೆ. ಟಿಕೆಟ್ ಒಂದೇ ಏಟಿಗೆ ಸಿಕ್ಕಿತು. ಏನಾದರೂ ಆದರೆ ಅವನನ್ನೇ ಕರೆಯುತ್ತಾರೆಂಬ ಮಾತು ಮನಸ್ಸಿಗೆ ಎಷ್ಟು ಹಿತವಾಗಿತ್ತೆಂದರೆ, ಮಿಠಾಯಿ ಅಂಗಡಿಗೆ ಮತ್ತೊಂದು ಸಲ ಒಂದೇ ನಕ್ಷತ್ರ ಕೊಟ್ಟು ಕೆಳಗಿಳಿದೆ. ನಮ್ಮ ಕೇಬಲ್ ಸರಿಯಾದ ಕೂಡಲೇ ಹೋಗಿ ಪರುಳೇಕರನಿಗೆ ಎಚ್ಚರಿಕೆ ಹೇಳುತ್ತೇನೆ. ಕೇಬಲ್ ಹಾಳಾಗಿದೆಯೆಂದು ಕಂಪನಿಗೆ ಮಾತ್ರ ನಾನಿನ್ನೂ ತಿಳಿಸಿಲ್ಲ.