ಹೆದರುಪುಕ್ಕಲ ಚಿಕ್ಕಪ್ಪನ ವಿಮಾನ

ನನ್ನ ಚಿಕ್ಕಪ್ಪನಷ್ಟು ಹೆದರುಪುಕ್ಕಲ ಹೊನ್ನಾವರ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಭಟ್ಕಳ, ಕುಮಟಾ ಸೇರಿಸಿ ಹುಡುಕಿದರೂ ಸಿಗುವುದು ಕಷ್ಟ! ಅಂಥವನ ಕೈಗೆ ವಿಮಾನ ಕೊಟ್ಟಿದ್ದರು ಅಂದರೆ ನಂಬುತ್ತೀರಾ?

ಮಾವಿನಕುರ್ವೆಯ ಮೀನುಗಾರರ ಮನೆಯಲ್ಲಿ ಹುಟ್ಟಿ, ವಾಯುಸೇನೆ ಸೇರಿ, ಅಲ್ಲಿಂದ ಹೊರಬಿದ್ದ ಮೇಲೆ ಬೊಂಬಾಯಿಯ ಸೇಠರೊಬ್ಬರ ಪುಟ್ಟ ಜೆಟ್ ವಿಮಾನಕ್ಕೆ ಪೈಲಟ್ ಆದವ. ಆದರೆ ರಜೆಯಲ್ಲಿ ಊರಿಗೆ ಬಂದರೆ ಶರಾವತಿ ದಾಟುವ ದೋಣಿಗೆ ಕಾಲಿಡುವ ಮುಂಚೆ ಅದರ ತಳ ತಟ್ಟಿ ನೋಡುತ್ತಿದ್ದ!

"ನೀರು ಒಳಗೆ ಬಂದ್ರೆ ಎಂತ ಮಾಡ್ತೀಯಾ?"

"ಹೊರಗೆ ಚೆಲ್ತೆ," ಎನ್ನುತ್ತಿದ್ದ ದೋಣಿಯವ.

"ತುಂಬಾ ಬಂದ್ರೆ?"

"ನಿಮ್ಮನ್ನ ಚೆಲ್ತೆ!"

ಒಮ್ಮೆ ಕುಮಟಾ ಬಸ್ಸಿನಲ್ಲಿ ಬ್ರೇಕ್ ಸರಿ ಉಂಟಾ ಎಂದು ಕೇಳಿ ಕೇಳಿ ಡ್ರೈವರನ ತಲೆ ತಿಂದ. ಅವನು ರೋಸಿಹೋಗಿ, "ನೀವೇ ಬಂದು ಒತ್ತಿ ನೋಡಿ ಮಾರಾಯ್ರೆ!" ಅಂದ. ಚಿಕ್ಕಪ್ಪ ನಿಜಕ್ಕೂ ಎದ್ದು ಹೋಗಿ ಒತ್ತಿ ನೋಡಿದ! ಅಜ್ಜಿಗೆ ಮಗನ ಈ ಪುಕ್ಕಲುತನ ದೊಡ್ಡ ಅವಮಾನ. "ಇವನ ಅಪ್ಪ ತೂಫಾನಿನಲ್ಲಿ ಬಲೆ ಬಿಟ್ಟವ. ಇದು ಯಾರ ಹೊಟ್ಟೇಲಿ ಹುಟ್ಟಬೇಕಾಗಿತ್ತೋ!" ಎಂದು ನೆರೆಯವರ ಮುಂದೆಯೇ ಅನ್ನುತ್ತಿದ್ದಳು. ಹೆತ್ತವಳು ತಾನೇ ಎಂಬುದನ್ನು ಆ ಹೊತ್ತಿಗೆ ಮರೆತಿರುತ್ತಿದ್ದಳು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಅಜ್ಜಿಯ ಕಣ್ಣಿಗೆ ಪೊರೆ ಬಂದು ಬೊಂಬಾಯಿಯಲ್ಲಿ ಆಪರೇಷನ್ ಎಂದಾಯಿತು. ಸೇಠರನ್ನು ಗೋವಾದಲ್ಲಿ ಇಳಿಸಿ ವಿಮಾನ ಖಾಲಿ ವಾಪಸು ಹೋಗುವುದಿತ್ತು. "ತಾಯಿಯನ್ನು ಕರಕೊಂಡು ಹೋಗು," ಎಂದರಂತೆ ಸೇಠರು. ಅಜ್ಜಿಯ ಜೊತೆಗೆ ನಾನು.

ಗೋವಾದಲ್ಲಿ ವಿಮಾನ ಹತ್ತುವ ಮುಂಚೆ ಚಿಕ್ಕಪ್ಪನ ಉಪದೇಶ ಶುರುವಾಯಿತು. ಒಳಗಿನ ಗಾಳಿಯ ಒತ್ತಡ ಹೋದರೆ ಮೇಲಿನಿಂದ ಆಕ್ಸಿಜನ್ ಮಾಸ್ಕ್ ಬೀಳುತ್ತದೆ. ಎಳೆದು ಮುಖಕ್ಕೆ ಹಾಕಬೇಕು. ನನ್ನ ಕಡೆ, ಆಮೇಲೆ ಅಜ್ಜಿಯ ಕಡೆ ಬೆರಳು ತೋರಿಸಿ, "ಮೊದಲು ನಿನಗೆ. ಆಮೇಲೆ ಆಯಿಗೆ. ತಿರುಗಾಮುರುಗಾ ಮಾಡ್ಬೇಡ," ಎಂದ.

"ಹತ್ತಿಸೂಕೆ ಮುಂಚೆಯೇ ಬೀಳೂದರ ಮಾತು!" ಎಂದು ಅಜ್ಜಿ ಬಾಯಿಗೆ ಎಲೆಯಡಿಕೆಯ ಕವಳ ತುಂಬಿಕೊಂಡಳು.

ವಿಮಾನ ಮೇಲೇರಿ ಮೋಡಗಳೆಲ್ಲ ಕೆಳಗುಳಿದವು. ನಾನು ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಿದ್ದೆ. ಢಂ! ತೆಂಗಿನಕಾಯಿ ತಗಡಿನ ಮಾಡಿನ ಮೇಲೆ ಬಿದ್ದಂಥ ಸದ್ದು. ಬಾಗಿಲಿನ ಅಂಚಿನಿಂದ ಕಿವಿ ಸೀಳುವಂತೆ ಗಾಳಿ ಸಿಳ್ಳೆ ಹಾಕುತ್ತ ಹೊರಗೆ ನುಗ್ಗತೊಡಗಿತು. ಒಳಗೆಲ್ಲ ಮಂಜು ಕವಿಯಿತು. ಕಿವಿಯೊಳಗೆ ಮೊಳೆ ಹೊಡೆದ ಹಾಗೆ ನೋವು, ಎಲುಬು ಕೊರೆಯುವ ಚಳಿ. ತಲೆಯ ಮೇಲಿಂದ ಹಳದಿ ಮಾಸ್ಕುಗಳು ಬಿದ್ದು ತೂಗಾಡಿದವು.

ನನ್ನ ಕೈ ಮೊದಲು ಹೋದದ್ದು ಅಜ್ಜಿಯ ಮಾಸ್ಕಿಗೆ. ಅವಳು ನನ್ನ ಕೈ ತಳ್ಳಿ ತನ್ನ ಬಾಯಿ ತೋರಿಸಿದಳು. "ಕವಳ ಅದೆ!"

ಸಾಯುವ ಹೊತ್ತಿನಲ್ಲಿ ಕವಳದ ಚಿಂತೆ! ಅಷ್ಟರಲ್ಲಿ ನನ್ನ ಬೆರಳುಗಳು ನನ್ನವಲ್ಲದಂತಾದವು. ಕಣ್ಣೆದುರು ಬೂದುಬಣ್ಣ. ವಿಚಿತ್ರವೆಂದರೆ ಹೆದರಿಕೆಯೂ ಕರಗಿ ಹಾಯೆನಿಸತೊಡಗಿತ್ತು. ಆಗ ಸ್ಪೀಕರಿನಲ್ಲಿ ಚಿಕ್ಕಪ್ಪನ ದನಿ, ಬಾವಿಯ ತಳದಿಂದ ಬಂದಂತೆ: "ಮೊದಲು ನಿನಗೆ!"

ನನ್ನ ಮುಖಕ್ಕೆ ಮಾಸ್ಕ್ ಒತ್ತಿಕೊಂಡೆ. ಮೂರು ನಾಲ್ಕು ಉಸಿರು ಎಳೆದ ಮೇಲೆ ಬುದ್ಧಿ ಮರಳಿತು. ಅದರ ಜೊತೆಗೇ ಹೆದರಿಕೆಯೂ. ಪಕ್ಕಕ್ಕೆ ನೋಡಿದರೆ ಅಜ್ಜಿಯ ತಲೆ ವಾಲಿತ್ತು. ತುಟಿಯಂಚಿನಿಂದ ಕೆಂಪು ರಸ ಇಳಿಯುತ್ತಿತ್ತು. ಅದು ಕವಳದ್ದೋ ರಕ್ತವೋ ತಿಳಿಯಲಿಲ್ಲ. ಬಾಯೊಳಗೆ ಬೆರಳು ಹಾಕಿ ಕವಳ ತೆಗೆದೆ, ಮಾಸ್ಕ್ ಬಿಗಿದೆ. ಅಷ್ಟೊತ್ತಿಗೆ ವಿಮಾನ ಮೂತಿ ಕೆಳಗೆ ಮಾಡಿ ಕಲ್ಲಿನಂತೆ ಇಳಿಯುತ್ತಿತ್ತು. ಮುಂದಿನ ಗಾಜಿನ ತುಂಬ ಸಮುದ್ರ, ಬರೀ ಸಮುದ್ರ! ಚಿಕ್ಕಪ್ಪ ಪ್ರಜ್ಞೆ ತಪ್ಪಿದನೇ? ಅವನ ಬಲಗೈ ಮಾತ್ರ ನನಗೆ ಕಾಣುತ್ತಿತ್ತು. ಆ ಕೈ ಅಲುಗುವುದನ್ನೇ ಕಾಯುತ್ತ, ಅಜ್ಜಿಯ ಕೈ ಹಿಡಿದು, ಗೊತ್ತಿದ್ದ ದೇವರನ್ನೆಲ್ಲ ಕರೆದೆ.

ಕೈ ಅಲುಗಿತು. ಮೂತಿ ನಿಧಾನವಾಗಿ ಮೇಲೆದ್ದಿತು, ವಿಮಾನ ಸಮಕ್ಕೆ ಬಂತು. ಬೆಚ್ಚನೆಯ ಗಾಳಿ. ಮಾಸ್ಕಿಲ್ಲದೆ ಉಸಿರಾಡುವಷ್ಟು ಗಾಳಿಯಿರುವ ಎತ್ತರಕ್ಕೆ ಚಿಕ್ಕಪ್ಪ ಬೇಕೆಂದೇ ಹಾಗೆ ಧುಮುಕಿಸಿದ್ದ ಎಂದು ಆಮೇಲೆ ತಿಳಿಯಿತು. ಚಿಕ್ಕಪ್ಪನ ಪಕ್ಕ ಕೂತಿದ್ದ ಸಹಾಯಕ ಪೈಲಟ್ ಹಿಂದಕ್ಕೆ ತಿರುಗಿ, ಮಾಸ್ಕ್ ತೆಗೆಯಬಹುದು ಎಂದು ಕೈಸನ್ನೆ ಮಾಡಿದ. ಅಜ್ಜಿ ಕೆಮ್ಮಿದಳು, ಕಣ್ಣು ಬಿಟ್ಟಳು, ಕಿಟಕಿಗೆ ಮೂಗು ಒತ್ತಿ ಸಮುದ್ರ ನೋಡಿದಳು.

"ಇಷ್ಟು ಕೆಳಗೆ ಎಂತಕೆ ಇಳಿಸ್ದ? ಮೀನು ತಕಳೂಕಾ?"

ನಾನು ಅಳುತ್ತ ನಗುತ್ತ, ನಗುತ್ತ ಅಳುತ್ತ ಕೂತೆ.

ವಿಮಾನ ಬೊಂಬಾಯಿಯಲ್ಲಿ ಇಳಿಯಿತು, ಇಂಜಿನ್ ಆರಿತು. ಕೆಳಗೆ ಜನ ಓಡಿಬರುತ್ತಿದ್ದರು. ಚಿಕ್ಕಪ್ಪ ಎದ್ದು ಬಂದ. ಅಂಗಿ ಬೆವರಿಗೆ ಮೈಗಂಟಿತ್ತು, ಮುಖ ಬಿಳಿಚಿತ್ತು. ಅಜ್ಜಿಯ ಎದುರು ನೆಲಕ್ಕೆ ಮಂಡಿಯೂರಿ, ಅವಳ ಎದೆಗೆ ಕಿವಿಯಿಟ್ಟ.

"ಎಂತ ಕೇಳ್ತಿದ್ದೆ ಮಗಾ?"

"ಉಸಿರು."

ಅಜ್ಜಿ ಅವನ ಒದ್ದೆ ಕೂದಲಲ್ಲಿ ಬೆರಳಾಡಿಸಿದಳು. "ಅದೆ ಮಗಾ, ಅದೆ. ಕೇಳು. ಬೇಕಾದಷ್ಟು ಹೊತ್ತು ಕೇಳು," ಅಂದಳು.