ಯುಕ್ಕಾ ಮತ್ತು ಲೋಟದಲ್ಲಿ ಉಳಿದ ನೀರು

ನಮ್ಮ ಸೋದರಮಾವನ ಮನೆಯಲ್ಲಿ ಕಾಫಿ ಕುಡಿಯುವುದು ಸುಲಭ, ನೀರು ಕುಡಿಯುವುದೇ ಕಷ್ಟ! ಲೋಟ ಕೈಗೆ ಬಂದ ಗಳಿಗೆಯಿಂದ ಮಾವ ಎದುರಿಗೆ ಕೂತು ನಿಮ್ಮ ಗಂಟಲನ್ನೇ ನೋಡುತ್ತಿದ್ದರು. ಕೊನೆಯ ಗುಟುಕು ಇಳಿದು, ಲೋಟ ಬೋರಲು ಮಾಡಿ ತೋರಿಸಿದ ಮೇಲೆಯೇ ಕ್ಷೇಮಸಮಾಚಾರ. ಜಿಪುಣರೇ? ಅಲ್ಲವೇ ಅಲ್ಲ. ಎಲ್ಲಕ್ಕೂ ಕಾರಣ ನಡುಮನೆಯ ಕಿಟಕಿ ಪಕ್ಕ ಕುಂಡದಲ್ಲಿ ನಿಂತಿದ್ದ, ಚೂಪು ಎಲೆಯ ಯುಕ್ಕಾ ಗಿಡ.

ನೀರನ್ನು ಸುಮ್ಮನೆ ಚೆಲ್ಲುವ ಜನ ನಮ್ಮ ಚಿಕ್ಕಬಳ್ಳಾಪುರದಲ್ಲಿ ಇರಲಿಲ್ಲ. ಕುಡಿದು ಉಳಿದದ್ದನ್ನು ಹತ್ತಿರದ ಗಿಡಕ್ಕೆ ಹಾಕುವುದು ಕೈಗೇ ಬಂದ ಅಭ್ಯಾಸ. ಹೀಗೆ ಬಂದವರೆಲ್ಲ ಯುಕ್ಕಾದ ಬುಡಕ್ಕೆ ಪುಣ್ಯ ಸುರಿದು ಹೋಗುತ್ತಿದ್ದರು. ಅದಕ್ಕೋ ಹೆಚ್ಚು ನೀರೆಂದರೆ ಆಗದು! ಬಿಸಿಲು ಬೇಕು, ಮರಳುಮಣ್ಣು ಬೇಕು, ಮಣ್ಣು ಪೂರ್ತಿ ಒಣಗಿದ ಮೇಲೆ ಒಂದಿಷ್ಟು ನೀರು ಸಾಕು.

ಮಾವ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ನಂದಿಬೆಟ್ಟದ ಮೇಲೆ ಯಾವುದೋ ತೋಟದಲ್ಲಿ ಇದು ಹೂ ಬಿಟ್ಟದ್ದನ್ನು ನೋಡಿ ಮರುಳಾಗಿ, ಬುಡದ ಮರಿಯೊಂದನ್ನು ಬೇಡಿ ತಂದಿದ್ದರು. ದಿನಾ ಬೆಳಗ್ಗೆ ಕುಂಡವನ್ನು ತಬ್ಬಿಕೊಂಡು ಜಗಲಿಯ ಬಿಸಿಲಿಗೆ ತರುವುದು, ಪಕ್ಕದಲ್ಲಿ ಕೂತು ಬೆಟ್ಟ ನೋಡುವುದು. ಬೆಟ್ಟದ ಮಂಜು ಕರಗುವವರೆಗೆ ಇಬ್ಬರೂ ಅಲ್ಲಾಡುತ್ತಿರಲಿಲ್ಲ. ಸ್ಕೂಲಿನ ಗಂಟೆ ಗಿಡಕ್ಕೆ ಕೇಳಿದರೂ ಮಾವನಿಗೆ ಕೇಳುತ್ತಿರಲಿಲ್ಲ! ಎಲೆಯ ತುದಿಗಳೆಲ್ಲ ಸೂಜಿ, ಮಾವನ ಜುಬ್ಬಾಗಳೆಲ್ಲ ಜರಡಿ.

ಒಮ್ಮೆ ಚಿಂತಾಮಣಿಯಿಂದ ಬಂದ ಅತ್ತೆಯ ತಮ್ಮ ಗೊತ್ತಿಲ್ಲದೆ ಗಿಡಕ್ಕೆ ಒರಗಿ ಹೌಹಾರಿ ಎದ್ದ.

"ಏಮಿ ಬಾವಾ ಇದಿ, ಏನಿದು? ನಮ್ಮ ಹೊಲದ ಬದು ತುಂಬಾ ಇದೇ ಕತ್ತಾಳೆ ಐತೆ. ಒಂದ್ ಗಾಡಿ ಕಳಿಸ್ಲಾ?"

ಮಾವ ಸೀಮೆಸುಣ್ಣ ತಂದು ನೆಲದ ಮೇಲೆ ಕತ್ತಾಳೆ, ಯುಕ್ಕಾ ಎರಡನ್ನೂ ಬರೆದು, ವ್ಯತ್ಯಾಸ ವಿವರಿಸಿ, ನೀರು ಹಾಕಬಾರದೆಂದು ಮೂರು ಸಲ ಹೇಳಿದರು. ಆತ ಭಕ್ತಿಯಿಂದ ಎಲ್ಲ ಕೇಳಿ, ಲೋಟದಲ್ಲಿ ಉಳಿದಿದ್ದ ನೀರನ್ನು ಗಿಡಕ್ಕೆ ಹಾಕಿ ಹೊರಟ!

ಇಷ್ಟು ಪುಣ್ಯವನ್ನು ಯಾವ ಗಿಡ ತಡೆದೀತು? ಆ ಮಳೆಗಾಲ ಎಲೆ ಹಳದಿಯಾಗಿ ಬುಡ ಮೆತ್ತಗಾಯಿತು. ಹೊರಗೆ ನೆಡದಿದ್ದರೆ ಉಳಿಯದೆಂದು ಮಾವನಿಗೂ ಗೊತ್ತು, ಆದರೂ ಜಪ್ಪಯ್ಯ ಎಂದರೂ ಒಪ್ಪಲೊಲ್ಲರು. ಕೊನೆಗೆ ಅತ್ತೆಯೇ ಕಾರಣ ಕೇಳಿದರು. ಮದುವೆಯಾದ ಹೊಸದರಲ್ಲೇ ವಾತಜ್ವರ ಬಂದು ಅತ್ತೆಯ ಕಾಲುಗಳ ಸ್ವಾಧೀನ ಹೋಗಿತ್ತು. ಅವರ ಲೋಕವೆಲ್ಲ ನಡುಮನೆಯ ಮಂಚವೇ.

ಮಾವ ಕುಂಡ ನೋಡುತ್ತಲೇ ಹೇಳಿದರು: "ಬೆಟ್ಟ ಹತ್ತಿ ಈ ಹೂವ ನೋಡಕ್ಕೆ ನಿನ್ ಕೈಲಿ ಆಗಲ್ವಲ್ಲೇ. ನೀನು ಮಲಗಿರೋ ಕಡೇನೇ ಬಿಡ್ಲಿ ಅಂತ."

ಅಷ್ಟು ವರ್ಷ ನಾವೆಲ್ಲ ಅದನ್ನು ಹುಚ್ಚೆಂದು ನಕ್ಕಿದ್ದೆವು.

ಅತ್ತೆ ಕುಂಡದ ಕಡೆ ಕೈ ತೋರಿಸಿ, "ಹೊರಗೆ ನೆಡ್ರಿ. ಹೂ ಬಿಟ್ಟಾಗ ನನ್ನನ್ನ ಎತ್ಕೊಂಡ್ ಹೋಗಿ. ಆ ಕುಂಡಕ್ಕಿಂತ ನಾನೇನು ಭಾರವೇನ್ರೀ?" ಎಂದರು.

ಮಾವ ಕೊಳೆತ ಬುಡ ಕತ್ತರಿಸಿ, ಉಳಿದ ತಲೆಯನ್ನು ನೆರಳಲ್ಲಿ ಒಣಗಿಸಿ, ಮನೆಯ ಮುಂದಿನ ಗರಸು ಮಣ್ಣಿಗೆ ನೆಟ್ಟರು. ಅದು ಬೇರು ಬಿಟ್ಟಿತು, ಆದರೆ ಹೂವಿಗೆ ಅವಸರವಿರಲಿಲ್ಲ. ನಾನು ಓದು ಮುಗಿಸಿ ಶಿಡ್ಲಘಟ್ಟದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಂದು ಬೇಸಿಗೆಯಲ್ಲಿ ಗಿಡದ ನಡುವಿನಿಂದ ಕೋಲೊಂದು ಎದ್ದಿತು. ನಾನು ಊರಿಗೆ ಬಂದಿದ್ದ ಒಂದು ಸಂಜೆ ಅದರ ತುಂಬ ಬಿಳಿ ಗಂಟೆಗಳು ತೂಗಿದವು, ಸಣ್ಣಗೆ ವಾಸನೆ ಹರಡಿತು.

ಮಾವ ಅತ್ತೆಯನ್ನು ಕುಂಡದಂತೆಯೇ ತಬ್ಬಿ ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದರು. ಅತ್ತೆ ನಾನು ಕೊಟ್ಟ ನೀರನ್ನು ಅರ್ಧ ಕುಡಿದು, ಹೂವಿನಿಂದ ಕಣ್ಣು ತೆಗೆಯದೆ, ಉಳಿದದ್ದನ್ನು ಗಿಡದ ಬುಡಕ್ಕೆ ಸುರಿದುಬಿಟ್ಟರು!

ನಾನು ಮಾವನ ಮುಖ ನೋಡಿದೆ. ಮಾವ ಖಾಲಿ ಲೋಟ ತೆಗೆದು ನನ್ನ ಕೈಗಿಟ್ಟರು.

"ಇನ್ನೊಂದ್ ಲೋಟ ತಗೊಂಡ್ ಬಾಮ್ಮ. ನಿಮ್ಮತ್ತೆ ಹಾಕ್ಲಿ."